ಮೊದಲು ಹೆಸರು, ಆಮೇಲೆ ರಸ್ತೆ

ಡೆಟ್ರಾಯಿಟ್‌ನ ಪ್ಯಾಕಾರ್ಡ್ ಕಾರು ಕಂಪನಿಯ ಅಧ್ಯಕ್ಷ ಹೆನ್ರಿ ಜಾಯ್ ಒಮ್ಮೆ ಕಾರಿನಲ್ಲಿ ಪಶ್ಚಿಮಕ್ಕೆ ಹೊರಟು ನೆಬ್ರಾಸ್ಕಾದ ಒಮಾಹಾ ನಗರ ತಲುಪಿದ. ಅಲ್ಲಿ ತನ್ನದೇ ಕಂಪನಿಯ ಏಜೆಂಟನನ್ನು ಕಂಡು, ಇಲ್ಲಿಂದ ಮುಂದೆ ಪಶ್ಚಿಮಕ್ಕೆ ಹೋಗುವ ರಸ್ತೆ ಯಾವುದು ಎಂದು ಕೇಳಿದ. ಅಂಥ ರಸ್ತೆಯೇ ಇಲ್ಲ ಎಂಬ ಉತ್ತರ ಬಂತು. ಹಾಗಾದರೆ ಹೋಗುವುದು ಹೇಗೆ ಎಂದಾಗ ಏಜೆಂಟ ತನ್ನ ಹಿಂದೆ ಬರಲು ಹೇಳಿ ಊರಾಚೆ ಒಂದು ತಂತಿ ಬೇಲಿಯ ತನಕ ಕರೆದುಕೊಂಡು ಹೋದ. ಈ ಬೇಲಿ ಬಿಚ್ಚಿ ಮುಂದೆ ಹೋಗಿ, ಇನ್ನೊಂದು ಬೇಲಿ ಸಿಕ್ಕರೆ ಅದನ್ನೂ ಬಿಚ್ಚಿ ಹೋಗಿ ಎಂದ. ಜಾಯ್ ಹಾಗೆಯೇ ಮಾಡಿದ. ಸ್ವಲ್ಪ ದೂರ ಹೋದ ಮೇಲೆ ಬೇಲಿಗಳೂ ಮುಗಿದವು, ಹೊಲಗಳೂ ಮುಗಿದವು. ಉಳಿದದ್ದು ಹುಲ್ಲುಗಾವಲಿನ ನಡುವೆ ಎರಡು ಗಾಡಿಜಾಡು ಮಾತ್ರ.

ಈ ಕಥೆಯನ್ನು ಜಾಯ್ ಮುಂದೆ ಅನೇಕ ಸಲ ಹೇಳಿಕೊಂಡ. ಹೇಳಿಕೊಳ್ಳಲು ಕಾರಣವಿತ್ತು. ಅಮೆರಿಕದ ಪೂರ್ವ ಕಡಲಿನಿಂದ ಪಶ್ಚಿಮ ಕಡಲಿನವರೆಗೆ ಕಾರು ಓಡುವ ಒಂದೇ ಒಂದು ಅಖಂಡ ರಸ್ತೆ ಇರಬೇಕೆಂದು ಹೊರಟ ಲಿಂಕನ್ ಹೆದ್ದಾರಿ ಸಂಘಕ್ಕೆ ಅವನೇ ಅಧ್ಯಕ್ಷನಾದ. ಈ ಸಂಘದ ಬದುಕು ಹದಿನಾಲ್ಕೂವರೆ ವರ್ಷದ್ದು. ಅಷ್ಟರಲ್ಲಿ ಅದು ತಾನಾಗಿ ಕಟ್ಟಿದ ರಸ್ತೆ ಬಹಳ ಕಡಿಮೆ. ಆದರೂ ಅಮೆರಿಕದ ರಸ್ತೆಗಳ ಚರಿತ್ರೆಯನ್ನು ಅದನ್ನು ಬಿಟ್ಟು ಬರೆಯಲಾಗುವುದಿಲ್ಲ. ಕಾರಣ, ರಸ್ತೆಗೆ ದುಡ್ಡು ಕೊಡಬೇಕಾದವರು ಯಾರು ಎಂಬ ಪ್ರಶ್ನೆ ಆ ದೇಶದಲ್ಲಿ ಇತ್ಯರ್ಥವಾದದ್ದು ಈ ದಾರಿಯ ಮೇಲೆ.

*

1909ರಲ್ಲಿ ಅಮೆರಿಕದ ಸರ್ಕಾರ ಮಾಡಿದ ಎಣಿಕೆಯ ಪ್ರಕಾರ ದೇಶದ ಹಳ್ಳಿಗಾಡಿನಲ್ಲಿ ಸುಮಾರು 22 ಲಕ್ಷ ಮೈಲಿ ರಸ್ತೆಗಳಿದ್ದವು. ಅವುಗಳಲ್ಲಿ ಜಲ್ಲಿಯೋ ಗರಸೋ ಕಂಡಿದ್ದದ್ದು ನೂರಕ್ಕೆ ಒಂಬತ್ತಕ್ಕಿಂತ ಕಡಿಮೆ. ಮಿಕ್ಕದ್ದೆಲ್ಲ ಬರೀ ಮಣ್ಣು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಈ ರಸ್ತೆಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ದೂರದ ಪ್ರಯಾಣಕ್ಕೆ 1869ರಿಂದಲೇ ಖಂಡ ದಾಟುವ ರೈಲು ಇತ್ತು. ಹಾಗಾಗಿ ರಸ್ತೆಯ ಕೆಲಸ ರೈತನ ಕಾಳಿನ ಗಾಡಿಯನ್ನು ಹತ್ತಿರದ ರೈಲು ನಿಲ್ದಾಣಕ್ಕೆ ಮುಟ್ಟಿಸುವುದಷ್ಟೇ ಆಗಿತ್ತು. ಊರಿನಿಂದ ಹೊರಟ ರಸ್ತೆ ಕೊನೆಯ ಹೊಲದಲ್ಲಿ ನಿಂತುಹೋಗುತ್ತಿತ್ತು. ಆಚೆಯ ಊರಿನ ರಸ್ತೆ ಇನ್ನೊಂದು ದಿಕ್ಕಿನಿಂದ ಬಂದು ಅದರದೇ ಕೊನೆಯ ಹೊಲದಲ್ಲಿ ನಿಲ್ಲುತ್ತಿತ್ತು.

ಅಂಥ ದೇಶವನ್ನು ಕಾರಿನಲ್ಲಿ ದಾಟುವುದೆಂದರೆ ಸಾಹಸವೇ. 1903ರಲ್ಲಿ ಹೊರೇಷಿಯೊ ನೆಲ್ಸನ್ ಜಾಕ್ಸನ್ ಎಂಬ ವೈದ್ಯ 50 ಡಾಲರ್ ಪಂಥ ಕಟ್ಟಿ, ಜೊತೆಗೊಬ್ಬ ಮೆಕ್ಯಾನಿಕ್ ಮತ್ತು ದಾರಿಯಲ್ಲಿ ಸಿಕ್ಕ ಒಂದು ನಾಯಿಯೊಡನೆ ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕಿಗೆ ಬಂದ. ಅದಕ್ಕೆ 63 ದಿನ ಹಿಡಿಯಿತು. 1909ರಲ್ಲಿ 22 ವರ್ಷದ ಆಲಿಸ್ ರಾಮ್ಸೇ ಮೂವರು ಗೆಳತಿಯರನ್ನು ಕೂರಿಸಿಕೊಂಡು ಎದುರು ದಿಕ್ಕಿನಲ್ಲಿ ಹೋದಳು, 59 ದಿನದಲ್ಲಿ ಮುಟ್ಟಿದಳು. ನಾಲ್ವರಲ್ಲಿ ಕಾರು ಓಡಿಸಲು ಬರುತ್ತಿದ್ದದ್ದು ಅವಳೊಬ್ಬಳಿಗೇ. ಪತ್ರಿಕೆಗಳು ಇಂಥವರನ್ನು ಕೊಂಡಾಡಿದವು. ಆದರೆ ಕಾರು ಮಾರುವವನ ಕಣ್ಣಿಗೆ ಇದು ಕೊಂಡಾಡುವ ವಿಷಯವಾಗಿರಲಿಲ್ಲ. ಓಡಿಸಲು ಜಾಗವಿಲ್ಲದ ವಾಹನವನ್ನು ಎಷ್ಟು ಜನಕ್ಕೆ ಮಾರಲಾದೀತು?

ಇದನ್ನು ಮೊದಲು ಲೆಕ್ಕ ಹಾಕಿದವನು ಇಂಡಿಯಾನಾಪೊಲಿಸ್‌ನ ಕಾರ್ಲ್ ಫಿಶರ್. ಹನ್ನೆರಡನೇ ವಯಸ್ಸಿಗೆ ಶಾಲೆ ಬಿಟ್ಟವನು. ಮೊದಲು ಸೈಕಲ್ ಅಂಗಡಿ, ಆಮೇಲೆ ಕಾರು ಅಂಗಡಿ. ವ್ಯಾಪಾರಕ್ಕಾಗಿ ಒಮ್ಮೆ ಕಾರನ್ನು ಬಲೂನಿಗೆ ಕಟ್ಟಿ ಊರ ಮೇಲೆ ಹಾರಿಸಿದ. ಕಾರಿನ ಹೆಡ್‌ಲೈಟಿಗೆ ಅಸಿಟಿಲೀನ್ ಅನಿಲ ತುಂಬಿದ ಸಿಲಿಂಡರ್ ಒದಗಿಸುವ ಪ್ರೆಸ್ಟ್-ಓ-ಲೈಟ್ ಕಂಪನಿಯಿಂದ ಅವನು ಕೋಟ್ಯಧೀಶನಾದ. 1909ರಲ್ಲಿ ಪಾಲುದಾರರ ಜೊತೆ ಸೇರಿ ಇಂಡಿಯಾನಾಪೊಲಿಸ್ ರೇಸ್ ಟ್ರ್ಯಾಕ್ ಕಟ್ಟಿದ. ಜಲ್ಲಿ, ಟಾರು ಹಾಕಿದ ಅದರ ಮೈ ಮೊದಲ ಪಂದ್ಯಗಳಲ್ಲೇ ಕಿತ್ತುಬಂದು ಜನ ಸತ್ತರು. ಅದೇ ವರ್ಷ 32 ಲಕ್ಷ ಇಟ್ಟಿಗೆ ಹಾಸಿ ಟ್ರ್ಯಾಕನ್ನು ಹೊಸದಾಗಿ ಮಾಡಿಸಿದ. ಕೆಟ್ಟ ನೆಲ ಏನು ಮಾಡಬಲ್ಲದು, ಒಳ್ಳೆಯ ನೆಲಕ್ಕೆ ಎಷ್ಟು ಖರ್ಚಾಗುತ್ತದೆ ಎಂಬ ಎರಡು ಪಾಠವೂ ಅವನಿಗೆ ಒಂದೇ ವರ್ಷದಲ್ಲಿ ಆಯಿತು.

1912ರ ಸೆಪ್ಟೆಂಬರ್‌ನಲ್ಲಿ ಕಾರು ಉದ್ಯಮದ ದೊಡ್ಡವರನ್ನು ಊಟಕ್ಕೆ ಕರೆದು ಫಿಶರ್ ತನ್ನ ಯೋಜನೆ ಮುಂದಿಟ್ಟ. ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಕ್ಕೆ ಒಂದು ಜಲ್ಲಿ ರಸ್ತೆ. ಖರ್ಚು 1 ಕೋಟಿ ಡಾಲರ್. ಕಾರು ಮತ್ತು ಬಿಡಿಭಾಗದ ಕಂಪನಿಗಳು ತಮ್ಮ ಒಟ್ಟು ವಹಿವಾಟಿನ ನೂರಕ್ಕೆ ಒಂದು ಪಾಲು ಕೊಡಬೇಕು, ಜನಸಾಮಾನ್ಯರು 5 ಡಾಲರ್ ಕೊಟ್ಟು ಸದಸ್ಯರಾಗಬಹುದು. ಆ ದುಡ್ಡಿನಿಂದ ಜಲ್ಲಿ, ಸಾಮಗ್ರಿ. ದಾರಿಯ ಮೇಲಿನ ಊರುಗಳು ಆಳು ಮತ್ತು ಯಂತ್ರ ಒದಗಿಸಬೇಕು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಯಲಿದ್ದ ಪನಾಮಾ-ಪೆಸಿಫಿಕ್ ಪ್ರದರ್ಶನದ ಹೊತ್ತಿಗೆ ರಸ್ತೆ ಮುಗಿಯಬೇಕು. ಗುಡ್‌ಇಯರ್ ಟೈರ್ ಕಂಪನಿಯ ಫ್ರ್ಯಾಂಕ್ ಸೈಬರ್ಲಿಂಗ್ ತನ್ನ ನಿರ್ದೇಶಕರನ್ನೂ ಕೇಳದೆ 3 ಲಕ್ಷ ಡಾಲರ್ ಕೊಡುತ್ತೇನೆಂದು ಅಲ್ಲೇ ಮಾತು ಕೊಟ್ಟ.

ಎಲ್ಲರಿಗಿಂತ ದೊಡ್ಡ ಕುಳ ಮಾತ್ರ ಒಪ್ಪಲಿಲ್ಲ. ಹೆನ್ರಿ ಫೋರ್ಡ್‌ನನ್ನು ಒಲಿಸಲು ಫಿಶರ್ ಮಾಡಿದ ಪ್ರಯತ್ನಗಳೆಲ್ಲ ವ್ಯರ್ಥವಾದವು. ಫೋರ್ಡ್ ಕಂಪನಿಯ ವಾದ ನೇರವಾಗಿತ್ತು: ಸಾರ್ವಜನಿಕರ ರಸ್ತೆಯನ್ನು ಖಾಸಗಿಯವರು ಕಟ್ಟಿಸಿಕೊಡುತ್ತಾ ಹೋದರೆ, ತಮ್ಮ ರಸ್ತೆಗೆ ತಾವೇ ತೆರಿಗೆ ಕೊಡಬೇಕೆಂಬುದನ್ನು ಜನ ಎಂದೂ ಕಲಿಯುವುದಿಲ್ಲ. ಇದನ್ನು ಜಿಪುಣತನವೆಂದು ಆಗ ಆಡಿಕೊಂಡವರಿದ್ದರು. ಮುಂದಿನ ಹದಿನೈದು ವರ್ಷಗಳ ಕಥೆ ಫೋರ್ಡ್ ಹೇಳಿದ ದಿಕ್ಕಿನಲ್ಲೇ ನಡೆಯಿತು. ಆದರೆ ಜನಕ್ಕೆ ಆ ಪಾಠ ಕಲಿಸಿದ್ದು ಅವನು ದುಡ್ಡು ಕೊಡಲು ಒಪ್ಪದ ಆ ರಸ್ತೆಯೇ.

*

ಹೆಸರು ಕೊಟ್ಟವನು ಜಾಯ್. ರಾಜಧಾನಿಯಲ್ಲಿ ಲಿಂಕನ್‌ಗೆ ಅಮೃತಶಿಲೆಯ ಸ್ಮಾರಕ ಕಟ್ಟಲು 17 ಲಕ್ಷ ಡಾಲರ್ ಖರ್ಚು ಮಾಡುವ ಮಾತು ಆಗ ಸಂಸತ್ತಿನಲ್ಲಿ ನಡೆದಿತ್ತು. ಅದಕ್ಕಿಂತ ಒಂದು ಒಳ್ಳೆಯ ರಸ್ತೆಯೇ ಲಿಂಕನ್‌ಗೆ ತಕ್ಕ ಸ್ಮಾರಕ ಎಂದು ಅವನು ಫಿಶರ್‌ಗೆ ಬರೆದ. ಈ ಹೆಸರಿಗೆ ಒಂದು ಒಳ ಹೊಂದಿಕೆಯೂ ಇತ್ತು. ಖಂಡ ದಾಟುವ ರೈಲಿನ ಕಾಯಿದೆಗೆ ಲಿಂಕನ್ ಸಹಿ ಹಾಕಿದ್ದು 1862ರ ಜುಲೈ 1ರಂದು. ಲಿಂಕನ್ ಹೆದ್ದಾರಿ ಸಂಘ ಡೆಟ್ರಾಯಿಟ್‌ನಲ್ಲಿ ಹುಟ್ಟಿದ್ದು 1913ರ ಜುಲೈ 1ರಂದು.

ದಾರಿಗಳಿಗೆ ಸಾಮಾನ್ಯವಾಗಿ ಹೆಸರು ಬರುವುದು ಅವು ಮುಟ್ಟುವ ಊರಿನಿಂದ. ಮುಂದಿನ ಊರಿನವರಿಗೆ ಅದೇ ದಾರಿಗೆ ಬೇರೆ ಹೆಸರು. ಇಲ್ಲಿ ಹದಿಮೂರು ರಾಜ್ಯಗಳ ನೂರಾರು ತುಂಡು ದಾರಿಗಳಿಗೆ ಒಂದೇ ಹೆಸರು ಬಿತ್ತು, ಅದೂ ರಸ್ತೆ ಹುಟ್ಟುವ ಮುಂಚೆ. ನೆಬ್ರಾಸ್ಕಾದ ರೈತನ ಮನೆ ಮುಂದಿನ ಕೆಸರಿನ ಓಣಿ ಒಂದು ಬೆಳಗ್ಗೆ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಶುರುವಾಗುವ ರಸ್ತೆಯ ಭಾಗವಾಯಿತು. ಕೆಸರು ಹಾಗೆಯೇ ಇತ್ತು. ಆದರೆ ಅದು ಈಗ ಹೆಸರುಳ್ಳ ರಸ್ತೆಯ ಕೆಸರು, ಅದನ್ನು ಕಂಡು ನಾಚಿಕೊಳ್ಳುವವರು ಹುಟ್ಟಿದರು.

ಆ ಹೆಸರಿಗಾಗಿ ಪೈಪೋಟಿಯೂ ಹುಟ್ಟಿತು. ಸಂಘ ಹುಟ್ಟಿದ ದಿನವೇ ಫಿಶರ್ ಮತ್ತು ಇಂಡಿಯಾನಾದ ಕಾರು ತಯಾರಕರು 17 ಕಾರು, 2 ಲಾರಿಗಳಲ್ಲಿ ಪಶ್ಚಿಮಕ್ಕೆ ಹೊರಟು 34 ದಿನದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಲುಪಿದರು. ಅವರು ತಮ್ಮ ಊರಿನ ಮೂಲಕ ಬರಲೆಂದು ಪಟ್ಟಣಗಳು ದಾರಿ ರಿಪೇರಿ ಮಾಡಿಸಿದವು, ಊಟ ಹಾಕಿದವು. ಆದರೆ ಜಾಯ್ ಬಯಸಿದ್ದು ಆದಷ್ಟು ನೇರವಾದ ದಾರಿ. ಆಗಸ್ಟ್ ಕೊನೆಯಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ರಾಜ್ಯಪಾಲರ ಸಭೆಯ ಮುಂದೆ ನಕಾಶೆ ಬಿಚ್ಚಿದಾಗ ಕ್ಯಾನ್ಸಸ್ ರಾಜ್ಯವೇ ಅದರಲ್ಲಿರಲಿಲ್ಲ. ಕೊಲೊರಾಡೊಗೆ ಸಮಾಧಾನಕ್ಕೆಂದು ಡೆನ್ವರ್‌ವರೆಗೆ ಒಂದು ಸುತ್ತು ಸೇರಿಸಿದರು, ಎರಡು ವರ್ಷದಲ್ಲಿ ಅದನ್ನೂ ತೆಗೆದುಹಾಕಿದರು. ಶಿಕಾಗೊದಂಥ ನಗರವನ್ನೇ ದಾರಿ ದಕ್ಷಿಣದಿಂದ ಬಳಸಿಕೊಂಡು ಹೋಯಿತು. ಹೀಗೆ ಗೊತ್ತಾದ ಮೊದಲ ದಾರಿಯ ಉದ್ದ 3,389 ಮೈಲಿ. ಅಕ್ಟೋಬರ್ 31ರ ರಾತ್ರಿ ದಾರಿಯುದ್ದಕ್ಕೂ ಊರುಗಳಲ್ಲಿ ಬೆಂಕಿ ಹಾಕಿ, ಬಾಣಬಿರುಸು ಹಚ್ಚಿ, ಇನ್ನೂ ಇಲ್ಲದ ಆ ರಸ್ತೆಯ ಉದ್ಘಾಟನೆಯನ್ನು ಜನ ಆಚರಿಸಿದರು.

ಪಶ್ಚಿಮದಲ್ಲಿ ದಾರಿ ಹಾದದ್ದು ಹಳೆಯ ಜಾಡುಗಳ ಮೇಲೆಯೇ: ವಲಸೆ ಗಾಡಿಗಳ ಜಾಡು, ಕುದುರೆ ಅಂಚೆಯ ಜಾಡು, ಅದಕ್ಕೂ ಹಿಂದೆ ಗೋಶೂಟ್, ಶೊಶೋನಿ ಜನರು ನೀರಿನ ಬುಗ್ಗೆಯಿಂದ ಬುಗ್ಗೆಗೆ ನಡೆದ ಕಾಲುದಾರಿ. ಮರುಭೂಮಿಯಲ್ಲಿ ರಸ್ತೆ ಎಲ್ಲಿ ಹೋಗಬೇಕೆಂದು ಕೊನೆಗೂ ನಿರ್ಧರಿಸುವುದು ನೀರು. ಆ ನೀರು ಎಲ್ಲಿದೆಯೆಂದು ಹುಡುಕಿಟ್ಟವರ ಹೆಸರು ಯಾವ ಫಲಕದ ಮೇಲೂ ಬರಲಿಲ್ಲ.

*

1 ಕೋಟಿ ಡಾಲರ್ ಕೂಡಲಿಲ್ಲ. ಫೋರ್ಡ್ ಇಲ್ಲದ ಚಂದಾಪಟ್ಟಿ ಅರ್ಧಕ್ಕೇ ನಿಂತಿತು. ಸಂಘ ಆಗ ತನ್ನ ಗುರಿಯನ್ನೇ ಬದಲಿಸಿತು. ಇಡೀ ರಸ್ತೆ ಕಟ್ಟುವುದು ಆಗದ ಮಾತು, ಒಂದು ಮೈಲಿ ಕಟ್ಟಿ ತೋರಿಸುವುದು ಆಗುವ ಮಾತು. ಇದಕ್ಕೆ ಅವರಿಟ್ಟ ಹೆಸರು ಸಸಿ ಮೈಲಿ. ಸಿಮೆಂಟ್ ಕಂಪನಿಗಳು ಸಿಮೆಂಟ್ ದಾನ ಕೊಟ್ಟವು, ಸ್ಥಳೀಯರು ಕೆಲಸ ಮಾಡಿಸಿದರು. ಮೊದಲನೆಯದು 1914ರಲ್ಲಿ ಇಲಿನಾಯ್ ರಾಜ್ಯದ ಮಾಲ್ಟಾ ಎಂಬ ಊರಿನ ಹತ್ತಿರ ಆಯಿತು. ಮರುವರ್ಷ ನೆಬ್ರಾಸ್ಕಾದ ಗ್ರ್ಯಾಂಡ್ ಐಲೆಂಡ್‌ನಲ್ಲಿ ಇನ್ನೊಂದು.

ಈ ಮೈಲಿಗಳನ್ನು ಬೇಕೆಂದೇ ಊರಿನಿಂದ ದೂರ, ಕೆಟ್ಟ ಮಣ್ಣುರಸ್ತೆಯ ಮಧ್ಯೆ ಹಾಕಿಸುತ್ತಿದ್ದರು. ಕಾರು ಕೆಸರಿನಲ್ಲಿ ಹೂತು, ಎದ್ದು, ಜಾರಿ ಬರುತ್ತಿರುವಾಗ ಇದ್ದಕ್ಕಿದ್ದಂತೆ ಕಾಂಕ್ರೀಟ್ ಸಿಗುತ್ತದೆ. ಎರಡು ನಿಮಿಷ ಸದ್ದಿಲ್ಲ, ಕುಲುಕಾಟವಿಲ್ಲ. ಆಮೇಲೆ ಮತ್ತೆ ಕೆಸರು. ಆ ಎರಡು ನಿಮಿಷ ಮನಸ್ಸಿನಲ್ಲಿಟ್ಟುಕೊಂಡವನು ಮನೆಗೆ ಹೋಗಿ ಕೌಂಟಿಯ ಸಭೆಯಲ್ಲಿ ರಸ್ತೆ ತೆರಿಗೆಯ ಪರ ಕೈ ಎತ್ತುತ್ತಾನೆ ಎಂಬುದು ಲೆಕ್ಕ. ಎಷ್ಟೋ ಕಡೆ ಆ ಲೆಕ್ಕ ಸರಿಯಾಯಿತು.

ಎಲ್ಲ ಕಡೆಯೂ ಅಷ್ಟು ಸುಲಭವಿರಲಿಲ್ಲ. ಅಯೋವಾದ ಕಪ್ಪುಮಣ್ಣು ಮಳೆಗಾಲದಲ್ಲಿ ಅಂಟಾಗಿ ಚಕ್ರ ಹಿಡಿಯುತ್ತಿತ್ತು. ಮಳೆ ಬಂತೆಂದರೆ ಕಾರಿನವರು ಹೋಟೆಲಿನಲ್ಲಿ ಕೂತು ನೆಲ ಒಣಗಲು ಕಾಯಬೇಕು, ಇಲ್ಲವೇ ಹತ್ತಿರದ ರೈತ ಕುದುರೆ ಕಟ್ಟಿ ಎಳೆಯಲು ಬರಬೇಕು. ಆದರೂ ಅಲ್ಲಿನ ರೈತರಿಗೆ ಕಾಂಕ್ರೀಟಿನ ಮೇಲೆ ಅನುಮಾನವಿತ್ತು. ಅವರ ಪ್ರಶ್ನೆ ನ್ಯಾಯವಾದದ್ದೇ: ತೆರಿಗೆ ನಮ್ಮ ಹೊಲದ ಮೇಲೆ ಬೀಳುತ್ತದೆ, ರಸ್ತೆಯ ಮೇಲೆ ಓಡುವುದು ನ್ಯೂಯಾರ್ಕಿನ ಶ್ರೀಮಂತರ ಕಾರು. ನಮಗೆ ಬೇಕಾದದ್ದು ರೈಲು ನಿಲ್ದಾಣಕ್ಕೊಂದು ರಸ್ತೆ, ಕಡಲಿಗಲ್ಲ.

ಸಂಘ 1916ರಲ್ಲಿ ಹೊರತಂದ ಮಾರ್ಗದರ್ಶಿ ಪುಸ್ತಕ ಈ ದಾರಿ ಹೇಗಿತ್ತೆಂಬುದಕ್ಕೆ ನಂಬಬಹುದಾದ ಸಾಕ್ಷಿ. ಪ್ರಯಾಣಕ್ಕೆ 20ರಿಂದ 30 ದಿನ ಬೇಕು ಎನ್ನುತ್ತದೆ ಅದು. ಪೆಟ್ರೋಲ್ ಸಿಕ್ಕಲ್ಲೆಲ್ಲ ತುಂಬಿಸಿಕೊಳ್ಳಿ, ಎಷ್ಟು ಕಡಿಮೆ ಖರ್ಚಾಗಿದ್ದರೂ ಸರಿ. ನೀರು ಅಡ್ಡ ಬಂದರೆ ಮೊದಲು ಇಳಿದು ಕಾಲಿಟ್ಟು ಆಳ ನೋಡಿ, ಆಮೇಲೆ ಕಾರು ಇಳಿಸಿ. ಹೊಸ ಬೂಟು ಹಾಕಿಕೊಂಡು ಹೊರಡಬೇಡಿ. ಒಮಾಹಾ ದಾಟಿದ ಮೇಲೆ ಡೇರೆ, ಹಾಸಿಗೆ, ಅಡುಗೆ ಸಾಮಾನು ಜೊತೆಗಿರಲಿ. ಯೂಟಾದ ಮರುಭೂಮಿಯಲ್ಲಿ ಫಿಶ್ ಸ್ಪ್ರಿಂಗ್ಸ್ ಎಂಬ ಒಂಟಿ ಮನೆಯ ಬಗ್ಗೆ ಅದು ಕೊಡುವ ಸೂಚನೆ ಎಲ್ಲಕ್ಕಿಂತ ಚೆನ್ನಾಗಿದೆ: ಕಾರು ಕೆಟ್ಟರೆ ಕುರುಚಲು ಗಿಡ ಕೂಡಿಸಿ ಬೆಂಕಿ ಹಾಕಿ. ಮನೆಯ ಯಜಮಾನನಿಗೆ 20 ಮೈಲಿ ದೂರದಿಂದಲೂ ಕಾಣುತ್ತದೆ, ಕುದುರೆ ಕಟ್ಟಿಕೊಂಡು ಬರುತ್ತಾನೆ.

*

ಅದೇ 1916ರ ಜುಲೈನಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಕೇಂದ್ರದ ಮೊದಲ ರಸ್ತೆ ನೆರವಿನ ಕಾಯಿದೆಗೆ ಸಹಿ ಹಾಕಿದ. ಐದು ವರ್ಷಕ್ಕೆ 7.5 ಕೋಟಿ ಡಾಲರ್. ಫಿಶರ್ ಕೇಳಿದ್ದರ ಏಳೂವರೆ ಪಟ್ಟು, ಆದರೆ ಇಡೀ ದೇಶಕ್ಕೆ. ಮೂರು ವರ್ಷದ ನಂತರ ಸೈನ್ಯವೇ ಈ ದಾರಿಯ ಪರೀಕ್ಷೆಗೆ ಇಳಿಯಿತು. 1919ರ ಜುಲೈ 7ರಂದು ವಾಷಿಂಗ್ಟನ್‌ನಿಂದ 81 ವಾಹನಗಳ ಸೇನಾ ದಂಡು ಹೊರಟಿತು. ಗೆಟ್ಟಿಸ್‌ಬರ್ಗ್‌ನಲ್ಲಿ ಲಿಂಕನ್ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ನಡೆಯಿತು. ಇಲಿನಾಯ್ ದಾಟಿದ ಮೇಲೆ ನೆವಾಡಾದವರೆಗೆ ಹೆಚ್ಚುಕಡಿಮೆ ಮಣ್ಣೇ. ಲಾರಿಗಳ ಭಾರಕ್ಕೆ ಮರದ ಸೇತುವೆಗಳು ಮುರಿದವು, ಸೈನಿಕರೇ ನಿಂತು ಕಟ್ಟಿದರು. ಯೂಟಾದ ಉಪ್ಪುಬಯಲಿನಲ್ಲಿ ಎಂಜಿನ್ ಸೋತು ಮನುಷ್ಯರು ಹಗ್ಗ ಹಿಡಿದು ಲಾರಿ ಎಳೆದರು. ದಂಡು ಸ್ಯಾನ್ ಫ್ರಾನ್ಸಿಸ್ಕೊ ಸೇರಿದ್ದು ಸೆಪ್ಟೆಂಬರ್ 6ರಂದು, 62 ದಿನಕ್ಕೆ. ಸರಾಸರಿ ವೇಗ ಗಂಟೆಗೆ ಸುಮಾರು ಆರು ಮೈಲಿ. ಹದಿನಾರು ವರ್ಷದ ಹಿಂದೆ ವೈದ್ಯ ಜಾಕ್ಸನ್‌ಗೆ ಹಿಡಿದದ್ದೂ ಅಷ್ಟೇ ದಿನ, ಒಂದು ಹೆಚ್ಚು ಅಷ್ಟೆ.

ಆ ದಂಡಿನಲ್ಲಿ ವೀಕ್ಷಕನಾಗಿ ಹೋದ 28 ವರ್ಷದ ಒಬ್ಬ ಅಧಿಕಾರಿಗೆ ಈ ಪ್ರಯಾಣ ಕೊನೆಯವರೆಗೂ ನೆನಪಿತ್ತು. ಅವನ ಹೆಸರು ಡ್ವೈಟ್ ಐಸೆನ್‌ಹೋವರ್. 1956ರಲ್ಲಿ ಅಧ್ಯಕ್ಷನಾಗಿ ಅಂತರರಾಜ್ಯ ಹೆದ್ದಾರಿಗಳ ಕಾಯಿದೆಗೆ ಸಹಿ ಹಾಕಿದವನು. ಜರ್ಮನಿಯ ಹೆದ್ದಾರಿಗಳನ್ನು ಕಂಡದ್ದರ ಜೊತೆಗೆ 1919ರ ಆ ಕೆಸರನ್ನೂ ಅವನು ತನ್ನ ನೆನಪಿನ ಪುಸ್ತಕದಲ್ಲಿ ಕಾರಣವಾಗಿ ಕೊಟ್ಟಿದ್ದಾನೆ.

ಸರ್ಕಾರದ ದುಡ್ಡು ಬಂದ ಮೇಲೆ ಸಂಘಕ್ಕೆ ಹೊಸ ಕಷ್ಟ ಶುರುವಾಯಿತು. ದುಡ್ಡು ಯಾರದೋ ದಾರಿಯೂ ಅವರದು. ಇದು ಸ್ಪಷ್ಟವಾಗಿ ಕಂಡದ್ದು ಯೂಟಾದಲ್ಲಿ. ಸಂಘ ಬಯಸಿದ್ದು ಮರುಭೂಮಿಯ ದಕ್ಷಿಣದ ದಾರಿ. ಅದಕ್ಕಾಗಿ ಗುಡ್‌ಇಯರ್ ದೊಡ್ಡ ಮೊತ್ತ ಕೊಟ್ಟಿತು, ಫಿಶರ್ ಒಂದು ಕಣಿವೆದಾರಿಗಾಗಿ ಸ್ವಂತ 25,000 ಡಾಲರ್ ಕೊಟ್ಟ. ರಾಜ್ಯ ದುಡ್ಡು ತೆಗೆದುಕೊಂಡು ಕೆಲಸ ಶುರುಮಾಡಿ, ಅರ್ಧಕ್ಕೆ ಬಿಟ್ಟಿತು. ಅದರ ಯೋಚನೆ ಬೇರೆ. ದಕ್ಷಿಣದ ದಾರಿ ಆದರೆ ಲಾಸ್ ಏಂಜಲೀಸ್‌ಗೆ ಹೋಗುವವರು ಬೇಗನೆ ನೆವಾಡಾಕ್ಕೆ ಜಾರಿಕೊಳ್ಳುತ್ತಾರೆ. ವೆಂಡೋವರ್ ಮೂಲಕ ಉತ್ತರದ ದಾರಿ ಮಾಡಿದರೆ ಅವರು ಯೂಟಾದ ಉದ್ದಕ್ಕೂ ಇಳಿದು, ಅಲ್ಲಲ್ಲಿ ಉಂಡು, ಮಲಗಿ, ದುಡ್ಡು ಬಿಟ್ಟು ಹೋಗುತ್ತಾರೆ. ಕೇಂದ್ರದ ನೆರವಿನಿಂದ ಕಟ್ಟಿದ್ದು ವೆಂಡೋವರ್ ದಾರಿ. ಕೊನೆಗೆ ಸಂಘ ತನ್ನ ನಕಾಶೆಯನ್ನೇ ಅದಕ್ಕೆ ಹೊಂದಿಸಿಕೊಂಡಿತು. ಗುಡ್‌ಇಯರ್ ದುಡ್ಡು ಬಿದ್ದ ದಾರಿ ಇಂದು ಸೈನ್ಯದ ಪರೀಕ್ಷಾ ನೆಲೆಯೊಂದರ ಒಳಗೆ ಸೇರಿಹೋಗಿದೆ.

*

ಲಿಂಕನ್ ಹೆದ್ದಾರಿಯ ಗೆಲುವನ್ನು ನೋಡಿ ಎಲ್ಲರೂ ಹೆಸರಿಡಲು ಹೊರಟರು. 1920ರ ದಶಕದ ನಡುವಿಗೆ ಅಮೆರಿಕದಲ್ಲಿ ಹೆಸರುಳ್ಳ ದಾರಿಗಳು ಸುಮಾರು 250 ಆದವು. ಪ್ರತಿಯೊಂದಕ್ಕೂ ಒಂದು ಸಂಘ, ತಂತಿಕಂಬದ ಮೇಲೆ ಬಳಿಯಲು ಒಂದೊಂದು ಬಣ್ಣ. ಒಂದೇ ರಸ್ತೆಗೆ ನಾಲ್ಕಾರು ಹೆಸರು, ಒಂದೇ ಕಂಬಕ್ಕೆ ನಾಲ್ಕಾರು ಪಟ್ಟೆ. ಊರುಗಳಿಂದ ಚಂದಾ ಎತ್ತಿ ರಸ್ತೆಗೆ ಮೂರು ಕಾಸೂ ಹಾಕದವರೂ ಇದ್ದರು. ಚಾಲಕನಿಗೆ ದಾರಿ ತೋರಿಸಲು ಹುಟ್ಟಿದ ಹೆಸರುಗಳೇ ಅವನ ದಾರಿ ತಪ್ಪಿಸತೊಡಗಿದವು.

1925ರಲ್ಲಿ ಕೇಂದ್ರ ಮತ್ತು ರಾಜ್ಯಗಳ ಜಂಟಿ ಮಂಡಳಿ ಹೆಸರುಗಳನ್ನು ಬಿಟ್ಟು ಸಂಖ್ಯೆ ಕೊಡಲು ನಿರ್ಧರಿಸಿತು. ಪೂರ್ವ-ಪಶ್ಚಿಮ ರಸ್ತೆಗೆ ಸರಿಸಂಖ್ಯೆ, ಉತ್ತರ-ದಕ್ಷಿಣಕ್ಕೆ ಬೆಸಸಂಖ್ಯೆ. 1926ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು. ತಮ್ಮ ದಾರಿಗೆ ಉದ್ದಕ್ಕೂ ಒಂದೇ ಸಂಖ್ಯೆ ಸಿಗಲಿ ಎಂಬುದು ಸಂಘದವರ ಆಸೆ. ಸಿಕ್ಕಲಿಲ್ಲ. ಫಿಲಡೆಲ್ಫಿಯಾದಿಂದ ವಯೋಮಿಂಗ್‌ವರೆಗಿನ ಬಹುಭಾಗ 30ನೇ ಸಂಖ್ಯೆಯಾಯಿತು, ಮಿಕ್ಕದ್ದು 1, 530, 40, 50 ಎಂದು ಹಂಚಿಹೋಯಿತು. ಒಂದು ಹೆಸರಿನಲ್ಲಿ ಹೊಲಿದ ತುಂಡುಗಳ ಹೊಲಿಗೆಯನ್ನು ಸಂಖ್ಯೆಗಳು ಮತ್ತೆ ಬಿಚ್ಚಿದವು. 1927ರ ಕೊನೆಯ ದಿನ ಸಂಘ ತನ್ನ ಕಚೇರಿ ಮುಚ್ಚಿತು.

ಅದೇ 1927ರಲ್ಲಿ ಭಾರತದಲ್ಲಿ ಇದೇ ಪ್ರಶ್ನೆ ಸರ್ಕಾರದ ಮುಂದಿತ್ತು. ಮುಂಬಯಿಯ ಬ್ಯಾರಿಸ್ಟರ್ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ರಸ್ತೆ ಅಭಿವೃದ್ಧಿ ಸಮಿತಿ ನೇಮಕವಾಯಿತು. ಮುಖ್ಯ ರಸ್ತೆಗಳ ಭಾರ ಸ್ಥಳೀಯ ಮಂಡಳಿಗಳು ಹೊರಲಾರದಷ್ಟು ಬೆಳೆದಿದೆ, ಅದು ಇಡೀ ದೇಶದ ಹೊಣೆ ಎಂದಿತು ಸಮಿತಿ. ಅದರ ಸಲಹೆಯಂತೆ 1929ರಲ್ಲಿ ಪೆಟ್ರೋಲಿನ ಮೇಲಿನ ಹೆಚ್ಚುವರಿ ಸುಂಕದಿಂದ ಕೇಂದ್ರ ರಸ್ತೆ ನಿಧಿ ಹುಟ್ಟಿತು. ಅಯೋವಾದ ರೈತ ಕೇಳಿದ ಪ್ರಶ್ನೆಗೆ ಅಮೆರಿಕದ ರಾಜ್ಯಗಳು ಒಂದೊಂದಾಗಿ ಕಂಡುಕೊಂಡ ಉತ್ತರವೂ ಅದೇ ಆಗಿತ್ತು: ಓಡಿಸುವವನು ಪೆಟ್ರೋಲಿನ ಜೊತೆಗೆ ರಸ್ತೆಯ ಬೆಲೆಯನ್ನೂ ಕೊಡಲಿ.

ದುಡ್ಡು ಎಲ್ಲರದೂ ಆದ ಮೇಲೆ ರಸ್ತೆ ಎಲ್ಲರದೂ ಆಯಿತೇ? ಕಾಗದದ ಮೇಲೆ ಆಯಿತು. ಆದರೆ ಗುಲಾಮಗಿರಿ ತೊಡೆದವನ ಹೆಸರಿನ ಈ ರಸ್ತೆಯಲ್ಲೂ ಕಪ್ಪು ಕುಟುಂಬವೊಂದು ಕಾರಿನಲ್ಲಿ ಹೊರಟರೆ, ರಾತ್ರಿ ಮಲಗಲು ಯಾವ ಹೋಟೆಲು ಬಾಗಿಲು ತೆರೆದೀತು ಎಂಬುದು ಗೊತ್ತಿರುತ್ತಿರಲಿಲ್ಲ. 1936ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಅಂಚೆಯವ ವಿಕ್ಟರ್ ಹ್ಯೂಗೊ ಗ್ರೀನ್ ಕಪ್ಪು ಪ್ರಯಾಣಿಕರಿಗೆ ಊಟ, ವಸತಿ ಸಿಗುವ ಜಾಗಗಳ ಪಟ್ಟಿಯನ್ನು ಪುಸ್ತಕ ಮಾಡಿ ಪ್ರಕಟಿಸಿದ. ಸಂಘದ ಮಾರ್ಗದರ್ಶಿ ನೀರಿನ ಆಳ ನೋಡಲು ಹೇಳಿತ್ತು. ಈ ಪುಸ್ತಕ ನೋಡಲು ಹೇಳಿದ ಆಳ ಬೇರೆ ಬಗೆಯದು.

*

ಕಚೇರಿ ಮುಚ್ಚುವ ಮೊದಲು ಸಂಘ ಉಳಿದ ಹಣವನ್ನು ಒಂದು ಕೊನೆಯ ಕೆಲಸಕ್ಕೆ ಎತ್ತಿಟ್ಟಿತ್ತು. 1928ರ ಸೆಪ್ಟೆಂಬರ್ 1ರಂದು ದಾರಿಯುದ್ದಕ್ಕೂ ಸ್ಕೌಟ್ ಹುಡುಗರು ಸುಮಾರು ಮೂರು ಸಾವಿರ ಕಾಂಕ್ರೀಟ್ ಕಂಬಗಳನ್ನು ನೆಟ್ಟರು. ಪ್ರತಿ ಕಂಬದ ಮೇಲೆ ಲಿಂಕನ್ ಮುಖದ ಒಂದು ಬಿಲ್ಲೆ, ಈ ಹೆದ್ದಾರಿ ಅವನಿಗೆ ಅರ್ಪಿತವೆಂಬ ಬರಹ, ದಿಕ್ಕು ತೋರಿಸುವ ಬಾಣ. ಆ ಹೊತ್ತಿಗೆ ಸರ್ಕಾರದ ದಾಖಲೆಯಲ್ಲಿ ಆ ಹೆಸರಿನ ರಸ್ತೆ ಉಳಿದಿರಲಿಲ್ಲ. ಫಿಶರ್ ಆಗಲೇ ಫ್ಲಾರಿಡಾದ ಮಯಾಮಿ ಬೀಚ್ ಕಟ್ಟುವುದರಲ್ಲಿ ಮುಳುಗಿದ್ದ. 1926ರ ಚಂಡಮಾರುತ ಮತ್ತು 1929ರ ಷೇರುಪೇಟೆಯ ಕುಸಿತ ಅವನ ಆಸ್ತಿಯನ್ನು ಕರಗಿಸಿದವು. 1939ರಲ್ಲಿ ಅವನು ಅದೇ ಊರಿನಲ್ಲಿ ಒಂದು ಸಾಧಾರಣ ಮನೆಯಲ್ಲಿ ತೀರಿಕೊಂಡ.

ಕಂಬಗಳಲ್ಲಿ ಬಹಳಷ್ಟು ರಸ್ತೆ ಅಗಲ ಮಾಡುವಾಗ ಕಿತ್ತುಹೋದವು. ಕೆಲವು ಇನ್ನೂ ನಿಂತಿವೆ. 1992ರಲ್ಲಿ ಅಯೋವಾದ ಆಸಕ್ತರು ಸೇರಿ ಸಂಘವನ್ನು ಅದೇ ಹೆಸರಿನಲ್ಲಿ ಮತ್ತೆ ಶುರುಮಾಡಿದರು. ಈ ಸಲ ರಸ್ತೆ ಕಟ್ಟಲು ಅಲ್ಲ, ಇದ್ದದ್ದನ್ನು ಗುರುತಿಸಿ ಕಾಯಲು. ಅದೇ ರಾಜ್ಯದ ಟೇಮಾ ಎಂಬ ಸಣ್ಣ ಊರಿನಲ್ಲಿ 1915ರ ಒಂದು ಪುಟ್ಟ ಸೇತುವೆ ಈಗಲೂ ಇದೆ. ಕಟ್ಟಿದವರು ಅದರ ಎರಡೂ ಬದಿಯ ಕೈಪಿಡಿಗೋಡೆಯನ್ನು ಕಂಬಿಗಳಿಂದ ಮಾಡಲಿಲ್ಲ, ಅಕ್ಷರಗಳಿಂದ ಮಾಡಿದರು: ಲಿಂಕನ್ ಹೆದ್ದಾರಿ ಎಂದು ಓದುವ ದಪ್ಪ ಕಾಂಕ್ರೀಟ್ ಅಕ್ಷರಗಳು. ಆ ವರ್ಷ ಅದರ ಆಚೆಗೂ ಈಚೆಗೂ ಇದ್ದದ್ದು ಕಪ್ಪುಮಣ್ಣಿನ ಕೆಸರು. ಸೇತುವೆಯ ಮೇಲೆ ನಿಂತವರಿಗೆ ರಸ್ತೆ ಕಾಣುತ್ತಿರಲಿಲ್ಲ, ಹೆಸರು ಮಾತ್ರ ಕಾಣುತ್ತಿತ್ತು.